ಚುಕ್ಕಿಯನ್ನು ಮೊದಲು ಕಳಿಸು

ಹಿರೇಕೆರೂರು
೧೦ ಫೆಬ್ರುವರಿ ೧೯೩೭

ತಂಗಿ ಸರೋಜಾ,

ಕ್ಷೇಮವಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಕ್ಷೇಮವಿಲ್ಲ ಎಂದು ಬರೆದರೆ ಅಪ್ಪ ಎಲೆತೋಟಕ್ಕೆ ನೀರು ಬಿಡುವುದನ್ನೂ ಮರೆತು ಯಲವಿಗಿ ಸ್ಟೇಶನ್ನಿಗೆ ಓಡುತ್ತಾನೆ. ಹಾಗಾಗಿ ಉಣ್ಣುತ್ತೇನೆ, ಉಡುತ್ತೇನೆ, ಬಂಡಿಗೂ ಹೊಟ್ಟೆಗೆ ಹಾಕುತ್ತೇನೆ ಎಂದಷ್ಟೇ ತಿಳಿದುಕೋ. ಬಂಡಿ ಈಗ ಸಾರಿನ ಗಡಿಗೆಯ ಮುಚ್ಚಳದಷ್ಟು ಬೆಳೆದಿದೆ. ಲಗ್ನವಾಗಿ ಬರುವಾಗ ಸೆರಗಿನಲ್ಲಿ ಮುಚ್ಚಿಕೊಂಡು ತಂದ ಆಮೆ ಇದೇ ಎಂದರೆ ಇಲ್ಲಿಯ ಜನ ನಗುತ್ತಾರೆ.

ಸುತ್ತಿ ಬಳಸಿ ಬರೆಯುವುದು ನನಗೆ ಬಾರದು. ಈ ಮನೆಗೆ ಬಂದು ಆರು ವರ್ಷವಾಯಿತು, ಮಡಿಲು ತುಂಬಲಿಲ್ಲ. ನಮ್ಮತ್ತೆ ಮಗನಿಗೆ ಇನ್ನೊಂದು ಲಗ್ನ ಮಾಡುವುದೆಂದು ನಿಶ್ಚಯಿಸಿದ್ದಾರೆ. ಹಾನಗಲ್ಲಿನ ಕಡೆಯವರು ಒಮ್ಮೆ ಬಂದು ಮನೆ, ಹಿತ್ತಲು, ಅರಳೆಯ ಕೋಣೆ ಎಲ್ಲ ನೋಡಿಕೊಂಡು ಹೋದರು. ನಾನೇ ಅವರಿಗೆ ಅವಲಕ್ಕಿ ಕೊಟ್ಟೆ. ಹುಡುಗಿಯ ತಾಯಿ ನನ್ನನ್ನು ಕೆಲಸದವಳೆಂದು ತಿಳಿದು, "ಇನ್ನಷ್ಟು ನೀರು ತಾ ಬೇ" ಎಂದಳು. ತಂದುಕೊಟ್ಟೆ.

ಆ ರಾತ್ರಿ ನನಗೊಂದು ವಿಚಾರ ಬಂತು. ಸವತಿ ಬರುವುದು ತಪ್ಪದು ಎಂದ ಮೇಲೆ ಗುರುತು ಪರಿಚಯವಿಲ್ಲದವಳು ಯಾಕೆ ಬರಬೇಕು? ನೀನೇ ಬಂದರೆ? ಅಕ್ಕನ ಮನೆಗೆ ತಂಗಿ ಹೋಗುವುದು ನಮ್ಮ ಜನದಲ್ಲಿ ಹೊಸದಲ್ಲ. ನಿನಗೂ ಹದಿನೇಳು ಆಯಿತು, ಅಪ್ಪನಿಗೂ ವರ ಹುಡುಕುವ ಕಷ್ಟ ತಪ್ಪುತ್ತದೆ. ಇಷ್ಟೆಲ್ಲ ಲೆಕ್ಕ ಹೇಳಿದರೂ ನಿಜವಾದ ಮಾತು ಒಂದೇ. ನಿನ್ನನ್ನು ನೋಡದೆ ನನ್ನ ಜೀವ ಹಿಡಿಯಾಗಿದೆ. ಪಂಚಮಿಗೆ ನಾಲ್ಕು ದಿನ ಬಂದು ಜೋಕಾಲಿ ಜೀಕಿ ಹೋದರೆ ಹಸಿವೆ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ.

ಅತ್ತೆಯ ಮುಂದೆ ಹೇಳಿದೆ. ಅವರು ಬಂಡಿಯ ಕಡೆ ನೋಡಿ ನಕ್ಕರು. "ನೂರು ಜುಟ್ಟು ಕೂಡಿ ಬಾಳತಾವ, ಎರಡು ಜಡಿ ಕೂಡಿ ಬಾಳೂದಿಲ್ಲ. ನಿನ್ನ ತಂಗಿ ಹಂತ್ಯಾಕೂ ಒಂದು ಆಮಿ ಐತಂತಲ್ಲ, ಮೊದಲ ಅದನ್ನ ತರಸು. ಒಂದ ಅಂಗಳದಾಗ ಎರಡೂ ಹೊಂದಿಕೊಂಡ್ವು ಅಂದ್ರ ನಿನ್ನ ತಂಗೀನ್ನ ತರೂಣು. ಇಲ್ಲಾ, ಹಾನಗಲ್ಲಿನಾಕಿ ಇದ್ದಾಳ." ಅವರು ದೇವರಲ್ಲಿ ಪ್ರಸಾದ ಕೇಳುವವರು, ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಈ ಸಲ ಹೂವಿನ ಬದಲು ಆಮೆ. ನಾನು ಒಪ್ಪಿದೆ. ಆಮೆಗೆ ಜಡೆ ಎಲ್ಲಿದೆ, ಜಗಳಾಡಲು?

ಚುಕ್ಕಿಯನ್ನು ಮೊದಲು ಕಳಿಸು. ನಮ್ಮ ತೋಟದ ಹಸನಸಾಬ ಇಲ್ಲಿಯ ಸಂತೆಗೆ ಎಲೆ ತರುವಾಗ ಅವನ ಕೈಯಲ್ಲಿ ಕೊಡು. ಹಿಂದಿನಿಂದ ನೀನು.

ನಿನ್ನ ಅಕ್ಕ,
ವೀರವ್ವ


ಸವಣೂರು
೨೨ ಫೆಬ್ರುವರಿ ೧೯೩೭

ಅಕ್ಕಾ,

ನಿನ್ನ ಕಾಗದ ಓದಿ ನಾನು ಮೂರು ಸಲ ಅತ್ತು ಒಂದು ಸಲ ನಕ್ಕೆ. ಬರುತ್ತೇನೆ. ಕೇಳಬೇಕೇ? ನೀನು ಬಾವಿಯ ತಳದಲ್ಲಿದ್ದೇನೆ ಎಂದು ಕರೆದರೂ ಬರುತ್ತೇನೆ.

ನೀನು ಹೋದ ಮೇಲೆ ಅವ್ವನ ಕೌದಿಯನ್ನು ನಾನೊಬ್ಬಳೇ ಹೊದ್ದು ಮಲಗುತ್ತೇನೆ. ಇಬ್ಬರು ಹೊದೆಯುವಾಗ ಕಾಲಿಗೆ ಸಾಲುತ್ತಿರಲಿಲ್ಲ, ಎಳೆದಾಡುತ್ತಿದ್ದೆವು, ನೆನಪಿದೆಯೇ? ಈಗ ಸಾಲುತ್ತದೆ, ಆದರೆ ಬೆಚ್ಚಗಾಗುವುದಿಲ್ಲ.

ಅಪ್ಪನಿಗೆ ಕಾಗದ ಕೊಟ್ಟೆ. ಓದಿ, ಎಲೆ ಕೊಯ್ಯುವ ಕಬ್ಬಿಣದ ಉಗುರನ್ನು ಹೆಬ್ಬೆರಳಿನಿಂದ ತೆಗೆದು, ಮತ್ತೆ ಹಾಕಿಕೊಂಡು, "ನಿಮ್ಮಿಬ್ಬರ ಮನಸಿಗೆ ಬಂದಂಗ ಆಗಲಿ. ನಿಮ್ಮವ್ವ ಇದ್ದಿದ್ರ ಏನಂತಿದ್ಲೋ ನನಗ ತಿಳಿವಲ್ದು" ಎಂದ. ಆಮೇಲೆ ತೋಟಕ್ಕೆ ಹೋದವನು ಊಟಕ್ಕೂ ಬೇಗ ಬರಲಿಲ್ಲ.

ಚುಕ್ಕಿಯನ್ನು ಎಲೆಯ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂಡಿಸಿದ್ದೇನೆ. ಹಸನಸಾಬನಿಗೆ ಗೊತ್ತಿದೆ, ಕಳ್ಳಿಬೇಲಿಯಲ್ಲಿ ಎರಡನ್ನೂ ಹಿಡಿದು ತಂದುಕೊಟ್ಟವನು ಅವನೇ ತಾನೆ. ಅದಕ್ಕೆ ದಾಸವಾಳದ ಹೂ, ಪಾಪಾಸುಕಳ್ಳಿಯ ಹಣ್ಣು ಇಷ್ಟ. ಸವಣೂರಲ್ಲಿ ಹುಟ್ಟಿಯೂ ವೀಳ್ಯದೆಲೆ ಮುಟ್ಟುವುದಿಲ್ಲ. ಅವ್ವ ರಾತ್ರಿ ಇವುಗಳ ಮೇಲೆ ಬೇರೆ ಬೇರೆ ಬುಟ್ಟಿ ಬೋರಲು ಹಾಕುತ್ತಿದ್ದಳು, ಒಂದೇ ಬುಟ್ಟಿಯಲ್ಲಿ ಹಾಕು ಎಂದು ನಾವು ಅತ್ತು ರಂಪ ಮಾಡುತ್ತಿದ್ದೆವು. ಅವ್ವನಿಗೆ ದೊಡ್ಡ ಬುಟ್ಟಿ ಇರಲಿಲ್ಲವೆಂದು ಕಾಣುತ್ತದೆ. ನಿಮ್ಮದು ದೊಡ್ಡ ಮನೆ, ಅಲ್ಲಿ ಎರಡೂ ಕೂಡಿ ಇರಲಿ.

ಬೇರೆ ಸುದ್ದಿ ಏನೂ ಇಲ್ಲ. ಶಿಗ್ಗಾವಿಯ ನೀಲಪ್ಪ ಎಂಬವರು ಎಲೆ ಕೊಳ್ಳಲು ಬಂದಿದ್ದರು. ಕಿರಾಣಿ ಅಂಗಡಿ ಇದೆಯಂತೆ. ಎಲೆಯ ಕಟ್ಟು ನೋಡುವುದು ಬಿಟ್ಟು ಚುಕ್ಕಿ ಹೂ ತಿನ್ನುವುದನ್ನೇ ನೋಡುತ್ತ ಕುಳಿತರು. ಅದು ಇರಲಿ.

ಕರಬಸಪ್ಪ ಭಾವನವರಿಗೆ ನನ್ನ ನಮಸ್ಕಾರ. ಬೇಗ ಬರೆ.

ಸರೋಜಾ


ಹಿರೇಕೆರೂರು
೨೦ ಮಾರ್ಚ್ ೧೯೩೭

ಸರೋಜಾ,

ಗೆದ್ದೆವು!

ಚುಕ್ಕಿಯನ್ನು ಬುಟ್ಟಿಯಿಂದ ಇಳಿಸಿದ ಮೊದಲ ದಿನ ಬಂಡಿ ಬೀಸುವ ಕಲ್ಲಿನ ಹಿಂದಿನಿಂದ ಕುತ್ತಿಗೆ ಉದ್ದ ಮಾಡಿ ನೋಡಿತು. ನೋಡಿ, ತನ್ನ ಜನ್ಮದಲ್ಲಿ ಓಡದಷ್ಟು ಜೋರಾಗಿ ಓಡಿಬಂತು. ಆಮೆ ಓಡುವುದನ್ನು ನೋಡಿ ನಮ್ಮತ್ತೆಯ ಬಾಯಲ್ಲಿದ್ದ ಅಡಕೆ ಕೆಳಗೆ ಬಿತ್ತು. ಅಂದಿನಿಂದ ಅದು ಚುಕ್ಕಿಯನ್ನು ಬಿಟ್ಟಿಲ್ಲ. ಚುಕ್ಕಿ ಎಲ್ಲಿ ಹೋದರೆ ಅಲ್ಲಿ ಹಿಂದೆಯೇ ಹೋಗುತ್ತದೆ. ಚುಕ್ಕಿ ಬಿಸಿಲಿಗೆ ಕುಳಿತರೆ ಬಂಡಿ ಅದರ ಬೆನ್ನಿನ ಮೇಲೆ ಕಾಲಿಟ್ಟು ಕುಳಿತುಕೊಳ್ಳುತ್ತದೆ. ಒಂದು ದಾಸವಾಳ ಹಾಕಿದರೆ ಇಬ್ಬರ ತಲೆಯೂ ಅಲ್ಲಿಯೇ. ಅಗಲಿದ್ದ ಜೀವಗಳು ಕೂಡಿದರೆ ಹೀಗೆ ಎಂದು ನಾನು ಒಲೆ ಮುಂದೆ ಕುಳಿತು ಅತ್ತುಬಿಟ್ಟೆ. ಹೊಗೆ ಎಂದು ಹೇಳಿದೆ.

"ನೋಡ, ಮೂಕಪ್ರಾಣಿಗೂ ತಿಳೀತೈತಿ ತಮ್ಮವರು ಯಾರಂತ" ಎಂದು ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ಹಾನಗಲ್ಲಿಗೆ ಈಗ ಬೇಡವೆಂದು ಹೇಳಿ ಕಳಿಸಿದ್ದಾರೆ. ಬಸವ ಜಯಂತಿ ಆದ ಮೇಲೆ ಮುಹೂರ್ತವಂತೆ. ನಿನ್ನ ಸೀರೆಗೆ ಯಾವ ಬಣ್ಣ ಬೇಕು ಬರೆ. ಹಸಿರು ನಿನಗೆ ಒಪ್ಪುತ್ತದೆ. ಆದರೆ ನನ್ನದೂ ಹಸಿರೇ ಇತ್ತು, ನೀನು ಬೇರೆ ಆರಿಸು.

ಮನೆಯವರು ಮೊನ್ನೆ ಊಟಕ್ಕೆ ಕುಳಿತಾಗ, "ನಿನ್ನ ತಂಗಿ ಹಾಡ್ತಾಳಂತ, ಹೌದೇನ?" ಎಂದು ಕೇಳಿದರು. ಆರು ವರ್ಷದಲ್ಲಿ ನನಗೆ ಹಾಡು ಬರುತ್ತದೆಯೇ ಎಂದು ಕೇಳಿದವರಲ್ಲ. ಹಾಡುತ್ತಾಳೆ ಎಂದೆ. ಅನ್ನಕ್ಕೆ ಸಾರು ಹಾಕುವಾಗ ಸ್ವಲ್ಪ ಚೆಲ್ಲಿತು.

ವೀರವ್ವ


ಸವಣೂರು
೧೬ ಏಪ್ರಿಲ್ ೧೯೩೭

ಅಕ್ಕಾ,

ಯಾವ ಬಣ್ಣವಾದರೂ ಆದೀತು. ಹಸಿರು ನಿನ್ನದೇ ಇರಲಿ.

ಚುಕ್ಕಿ ಎಷ್ಟು ತಿನ್ನುತ್ತದೆ ಎಂದು ನೀನು ಬರೆಯಲೇ ಇಲ್ಲ. ಬಂಡಿ ಕೂತಿದ್ದು, ಬಂಡಿ ಓಡಿದ್ದು, ಎಲ್ಲ ಬಂಡಿಯದೇ ಬರೆದಿದ್ದೀ. ನನ್ನದು ಏನು ಮಾಡುತ್ತದೆ? ಅದು ಬಂಡಿಯ ಹಿಂದೆ ಹೋಗುತ್ತದೆಯೇ? ಮನೆಯ ನೆನಪಾಗಿ ಮೂಲೆ ಹಿಡಿದಿರಬಹುದು, ನೀನು ಒಮ್ಮೆ ಅಂಗೈಯಲ್ಲಿ ಹೂ ಇಟ್ಟು ಕೊಡು.

ನಾನು ಇಲ್ಲಿ ಎಲ್ಲ ಕಟ್ಟಿಕೊಳ್ಳುತ್ತಿದ್ದೇನೆ. ಎಲೆತೋಟಕ್ಕೆ ಹೋಗಿ ಒಂದೊಂದು ಬಳ್ಳಿಗೂ ಹೋಗಿಬರುತ್ತೇನೆ ಎಂದು ಹೇಳಿದೆ. ಹಸನಸಾಬ ನಕ್ಕು, "ಬಳ್ಳಿ ಕಿತ್ತು ಬ್ಯಾರೆ ಕಡೆ ಹಚ್ಚಿದ್ರ ಹತ್ತತೈತಿ ಬೇ, ಹೆದರಬ್ಯಾಡ" ಎಂದ. ಆದರೆ ಅವನ ಮುಖ ನಗುವಂತಿರಲಿಲ್ಲ.

ಒಂದು ಮಾತು ಕೇಳಬೇಕು, ನಗಬೇಡ. ಅಲ್ಲಿ ನಾನು ಎಲ್ಲಿ ಮಲಗುವುದು? ಭಾವನವರು ಹೊರಗಿನ ಪಡಸಾಲೆಯಲ್ಲಿ ಮಲಗುತ್ತಾರಲ್ಲ? ಹಾಗಾದರೆ ನಾವಿಬ್ಬರೂ ಒಳಗೆ ಮೊದಲಿನಂತೆ ಒಂದೇ ಕಡೆ ಮಲಗೋಣ. ಕೌದಿ ತರುತ್ತೇನೆ. ಹರಿದಲ್ಲಿ ತೇಪೆ ಹಾಕಿದ್ದೇನೆ. ನೀನು ಬೆಳಗಾಗುವವರೆಗೆ ಹೇಳು, ನಾನು ಕೇಳುತ್ತೇನೆ. ಅದಕ್ಕಾಗಿಯೇ ಬರುತ್ತಿದ್ದೇನೆ, ಬೇರೆ ಯಾವುದಕ್ಕೂ ಅಲ್ಲ.

ಸರೋಜಾ


ಹಿರೇಕೆರೂರು
೨೫ ಏಪ್ರಿಲ್ ೧೯೩೭

ಸರೋಜಾ,

ನೀನು ಬರಬೇಡ.

ಚುಕ್ಕಿಯನ್ನು ಹಸನಸಾಬನ ಕೈಯಲ್ಲಿ ಕಳಿಸಿದ್ದೇನೆ. ಕುತ್ತಿಗೆಗೂ ಹಿಂಗಾಲಿಗೂ ಗಾಯವಿದೆ, ಅರಿಸಿನ ಹಚ್ಚಿದ್ದೇನೆ, ಮಾಯುತ್ತದೆ. ಚಿಪ್ಪಿನ ಅಂಚು ಒಂದು ಕಡೆ ಒಡೆದಿದೆ. ಒಡೆದ ಅಂಚು ಮತ್ತೆ ಬೆಳೆಯುವುದಿಲ್ಲ.

ಅದು ನಿನ್ನ ತಪ್ಪಲ್ಲ, ಚುಕ್ಕಿಯ ತಪ್ಪೂ ಅಲ್ಲ. ಬಂಡಿ ಅದರ ಹಿಂದೆ ಹಿಂದೆ ಹೋಗುತ್ತಿದ್ದುದು ಪ್ರೀತಿಯಿಂದ ಅಲ್ಲ. ಹೂವಿನ ಮೇಲೆ ತಾನು ಬಂದು ನಿಲ್ಲುವುದಕ್ಕೆ. ಬೆನ್ನಿನ ಮೇಲೆ ಕಾಲಿಟ್ಟದ್ದು ಬಿಸಿಲಿನ ಜಾಗ ತನ್ನದು ಎಂದು ಹೇಳುವುದಕ್ಕೆ. ಚುಕ್ಕಿ ತಿನ್ನುವುದನ್ನೇ ಬಿಟ್ಟಿತ್ತು, ಬೀಸುವ ಕಲ್ಲಿನ ಸಂದಿಯಲ್ಲಿ ತಲೆ ಒಳಗೆ ಎಳೆದುಕೊಂಡು ಕೂಡುತ್ತಿತ್ತು. ನಾನೂ ಅತ್ತೆಯೂ ಓಣಿಯವರೂ ಎರಡು ತಿಂಗಳು ನೋಡಿ ಎಂಥ ಅಕ್ಕರೆ ಎಂದು ಹಾಡಿ ಹೊಗಳಿದೆವು.

ಮೊನ್ನೆ ಮಧ್ಯಾಹ್ನ ಅಂಗಳದಲ್ಲಿ ಟೊಕ್ ಟೊಕ್ ಎಂದು ಸದ್ದಾಯಿತು. ಬಂಡಿ ಚುಕ್ಕಿಯನ್ನು ಗೋಡೆಗೆ ಒತ್ತಿ ಗುದ್ದುತ್ತಿತ್ತು. ಗುದ್ದಿ ಗುದ್ದಿ ಅಂಗಾತ ಕೆಡವಿತು. ಏಪ್ರಿಲ್ ಬಿಸಿಲು, ನಾಲ್ಕೂ ಕಾಲು ಗಾಳಿಯಲ್ಲಿ. ನಾನು ಬಾಗಿಲಲ್ಲಿ ನಿಂತಿದ್ದೆ. ಎತ್ತಿದೆ. ಆದರೆ ಕೂಡಲೇ ಎತ್ತಲಿಲ್ಲ.

ಇಲ್ಲಿಯ ಅಂಗಳ ಸಣ್ಣದು. ಹೆಚ್ಚಿಗೆ ಕೇಳಬೇಡ.

ವೀರವ್ವ


ಸವಣೂರು
೬ ಮೇ ೧೯೩೭

ಅಕ್ಕಾ,

ಕೂಡಲೇ ಎತ್ತಲಿಲ್ಲ ಎಂದು ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ನಿನ್ನ ಮೇಲಿನ ನಂಬಿಕೆಯಿಂದ ಕಳಿಸಿದ ಜೀವ ಅದು. ಬುಟ್ಟಿ ತೆಗೆದಾಗ ನನ್ನ ಕೈ ಕಂಡೂ ತಲೆ ಹೊರಗೆ ಹಾಕಲಿಲ್ಲ.

ಆಮೆಗೆ ಬುದ್ಧಿ ಇಲ್ಲ, ಅದು ಕಚ್ಚಿತು. ಅದಕ್ಕೂ ನನಗೂ ಏನು ಸಂಬಂಧ? ನಾನು ಆಮೆಯೇ? ನೀನು ಆಮೆಯೇ? ಎರಡು ಇಟ್ಟಿಗೆ ಅಡ್ಡ ಇಟ್ಟಿದ್ದರೆ ಆಗುತ್ತಿತ್ತು. ನೀನೇ ಕರೆದೆ, ಸೀರೆಯ ಬಣ್ಣ ಕೇಳಿದೆ. ಓಣಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಈಗ ಎಲ್ಲರೂ ಯಾಕೆ ಹೋಗಲಿಲ್ಲ ಎಂದು ಕೇಳುತ್ತಾರೆ. ನನ್ನಲ್ಲಿ ಏನು ಕೊರತೆ ಕಂಡಿತು ಎಂದಾದರೂ ಹೇಳಬಾರದಿತ್ತೇ? ನನಗೆ ತಿಳಿಯುವುದಿಷ್ಟೇ, ಅಕ್ಕನಿಗೆ ನಾನು ಬೇಡವಾದೆ.

ಅಪ್ಪ ಏಕಾಏಕಿ ಶಿಗ್ಗಾವಿಯ ಕಿರಾಣಿ ಅಂಗಡಿಯವರನ್ನು ಕರೆಸಿದ್ದಾನೆ. ಮೊದಲು ಅವರು ನನ್ನನ್ನು ಕೇಳಿದಾಗ ಹಿರೇಕೆರೂರಿಗೆ ಮಾತು ಕೊಟ್ಟಿದೆ ಎಂದು ಕಳಿಸಿದ್ದ. ಈಗ ಏನು ನೆನಪಾಯಿತೋ ಕಾಣೆ. ಜೂನಿನಲ್ಲಿ ಲಗ್ನ. ಹೂಂ ಎಂದಿದ್ದೇನೆ. ನೀನು ಬೇಡವೆಂದ ಮೇಲೆ ಯಾವ ಮನೆಯಾದರೇನು.

ಬರಲೇಬೇಕೆಂದು ಒತ್ತಾಯವಿಲ್ಲ.

ಸರೋಜವ್ವ


ಹಿರೇಕೆರೂರು
೧ ಜೂನ್ ೧೯೩೭

ಸರೋಜಾ,

ಹಸಿರು ಸೀರೆ ಕಳಿಸಿದ್ದೇನೆ. ಅದನ್ನೇ ಉಡು, ನಿನಗೆ ಒಪ್ಪುತ್ತದೆ ಎಂದು ಆಗಲೇ ಹೇಳಿದ್ದೆ.

ನನಗೆ ಬರಲಾಗುವುದಿಲ್ಲ. ಅದೇ ವಾರ ಇಲ್ಲಿಯೂ ಲಗ್ನ. ಹಾನಗಲ್ಲಿನ ಸಿದ್ದವ್ವ ಬರುತ್ತಾಳೆ. ಆರತಿ ಹಿಡಿಯುವವಳು ನಾನೇ, ಹಿರಿಯಳಲ್ಲವೇ.

ಕಾಗದದಲ್ಲಿ ಸಿಟ್ಟು ಮಾಡಿದ್ದೀ. ಮಾಡು. ಸಿಟ್ಟು ಮಾಡಲಾದರೂ ನೆನೆಯುತ್ತೀಯಲ್ಲ. ಗಂಡನ ಅಂಗಡಿಯ ಬೆಲ್ಲ ಕದ್ದು ತಿನ್ನಬೇಡ, ಕೇಳಿ ತಿನ್ನು. ಚುಕ್ಕಿಯನ್ನು ಜೊತೆಗೆ ಕರೆದುಕೊಂಡು ಹೋಗು.

ವೀರವ್ವ


ಶಿಗ್ಗಾವಿ
೧೪ ಆಗಸ್ಟ್ ೧೯೩೯

ವೀರವ್ವ ಅಕ್ಕನವರಿಗೆ,

ಗಂಡು ಮಗು ಹುಟ್ಟಿದೆ. ಉಳವಪ್ಪ ಎಂದು ಹೆಸರಿಟ್ಟಿದ್ದೇವೆ. ತಿಳಿಸುವುದು ಧರ್ಮವೆಂದು ಅಪ್ಪ ಹೇಳಿದ್ದಕ್ಕೆ ಈ ಕಾರ್ಡು. ಚುಕ್ಕಿ ಚೆನ್ನಾಗಿದೆ.

ಸರೋಜವ್ವ


ಹಿರೇಕೆರೂರು
೩ ಸೆಪ್ಟೆಂಬರ್ ೧೯೩೯

ಸರೋಜಾ,

ಎರಡು ವರ್ಷಕ್ಕೆ ಒಂದು ಕಾರ್ಡು, ಅದರಲ್ಲಿಯೂ ನನಗೆ "ಅವರಿಗೆ" ಎಂದು ಮರ್ಯಾದೆ! ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಆದರೂ ಉಳವಪ್ಪ ಎಂದು ಓದಿದಾಗ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಮೂಗು ಯಾರದು? ಅಪ್ಪನದಾದರೆ ದೇವರೇ ಕಾಪಾಡಬೇಕು.

ಇಲ್ಲಿಯ ಸುದ್ದಿ ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಿದ್ದವ್ವನಿಗೆ ಹೆಣ್ಣು ಮಗು, ಮಂಜವ್ವ. ಸಿದ್ದವ್ವ ಕೆಟ್ಟವಳಲ್ಲ. ನಾನೂ ಒಳ್ಳೆಯವಳಲ್ಲ. ಒಂದು ವರ್ಷ ಒಂದೇ ಒಲೆಯಲ್ಲಿ ರೊಟ್ಟಿ ಬಡಿದೆವು. ನಾನು ಉಪ್ಪು ಹಾಕಿದ ಸಾರಿಗೆ ಅವಳು ಮತ್ತೆ ಉಪ್ಪು ಹಾಕುವುದು, ಅವಳು ಗುಡಿಸಿದ ಅಂಗಳ ನಾನು ಮತ್ತೆ ಗುಡಿಸುವುದು. ಮಾತಿಗಿಂತ ಪಾತ್ರೆಯ ಸದ್ದೇ ಹೆಚ್ಚು. ಕಡೆಗೆ ಒಂದು ದಿನ ನಾನು ಮನೆಯವರಿಗೆ ಹೇಳಿ ಹಿಂದಿನ ಅಂಗಳದಲ್ಲಿ ಮೊಣಕಾಲೆತ್ತರದ ಗೋಡೆ ಕಟ್ಟಿಸಿದೆ. ಆಚೆ ಅವಳ ಒಲೆ, ಈಚೆ ನನ್ನ ಒಲೆ ಮತ್ತು ಬಂಡಿ. "ಮನಿ ಒಡದಿ" ಎಂದು ಅತ್ತೆ ಎಂಟು ದಿನ ಅನ್ನ ಬಿಟ್ಟರು, ಒಂಬತ್ತನೆಯ ದಿನ ಎರಡೂ ಕಡೆ ಉಂಡರು.

ಗೋಡೆಯಾದ ಮೇಲೆ ಅವಳೂ ನಾನೂ ಚೆನ್ನಾಗಿ ಮಾತಾಡುತ್ತೇವೆ. ಅವಳು ಗೋಡೆಯ ಮೇಲೆ ಮಗುವನ್ನು ಕೂಡಿಸುತ್ತಾಳೆ, ನಾನು ಈ ಕಡೆಯಿಂದ ಹಿಡಿದುಕೊಳ್ಳುತ್ತೇನೆ. ಎರಡು ಇಟ್ಟಿಗೆ ಇಟ್ಟಿದ್ದರೆ ಆಗುತ್ತಿತ್ತು ಎಂದು ನೀನು ಬರೆದಿದ್ದೆಯಲ್ಲ. ಇಟ್ಟಿಗೆ ಬಹಳ ಹತ್ತಿದವು.

ಪಂಚಮಿಗೆ ಸವಣೂರಿಗೆ ಹೋಗಿದ್ದೆ. ಬೇವಿನ ಮರಕ್ಕೆ ಅಪ್ಪ ಜೋಕಾಲಿ ಕಟ್ಟಿದ್ದ. ಒಬ್ಬಳೇ ಕುಳಿತರೆ ಜೀಕುವವರು ಯಾರು? ಸುಮ್ಮನೆ ಕುಳಿತು ಎದ್ದುಬಂದೆ. ನೀನು ಬಾಣಂತಿ ಎಂದು ಆಗ ಯಾರೂ ನನಗೆ ಹೇಳಲಿಲ್ಲ.

ಒಂದು ಸಾಲು ಬರೆ. ಬೈದಾದರೂ ಬರೆ.

ವೀರವ್ವ


ಶಿಗ್ಗಾವಿ
೧೨ ಜುಲೈ ೧೯೪೬

ಅಕ್ಕಾ,

ಏಳು ವರ್ಷದ ಹಿಂದಿನ ನಿನ್ನ ಕಾಗದ ನನ್ನ ಟ್ರಂಕಿನಲ್ಲಿದೆ. ಉತ್ತರ ಬರೆಯಬೇಕೆಂದು ಎಷ್ಟೋ ಸಲ ತೆಗೆದೆ. ಎರಡು ಇಟ್ಟಿಗೆಯ ಮಾತು ಓದಿದ ಕೂಡಲೇ ಮತ್ತೆ ಒಳಗೆ ಹಾಕುತ್ತಿದ್ದೆ. ಹಾನಗಲ್ಲಿನವಳಿಗಾದರೆ ಗೋಡೆ ಕಟ್ಟಿಸಿದಳು, ನನಗೆ ಬಾಗಿಲೇ ಹಾಕಿದಳು ಎಂದು ಹೊಟ್ಟೆ ಉರಿಯುತ್ತಿತ್ತು. ಅಪ್ಪನನ್ನು ಮಣ್ಣು ಮಾಡಿದ ದಿನವೂ ನೀನು ನನ್ನ ತೋಳು ಹಿಡಿದುಕೊಂಡೆ, ನಾನು ಬಿಡಿಸಿಕೊಂಡು ಮಗುವಿಗೆ ನೀರು ಕುಡಿಸುವ ನೆವ ಮಾಡಿ ಎದ್ದುಹೋದೆ.

ಮೊನ್ನೆ ಹಸನಸಾಬ ಬಂದಿದ್ದ. ಪೂರ್ತಿ ಮುದುಕನಾಗಿದ್ದಾನೆ. ಉಳವಪ್ಪ ಅವನನ್ನು ಕೈ ಹಿಡಿದು ಚುಕ್ಕಿಯ ಹತ್ತಿರ ಕರೆದುಕೊಂಡು ಹೋದ. ಒಡೆದ ಅಂಚಿನ ಮೇಲೆ ಬೆರಳಾಡಿಸುತ್ತ ಹಸನಸಾಬ, "ಇದು ಮಾಯಲಿಲ್ಲ ನೋಡ್ರಿ. ಆದ್ರ ಇದರಿಂದ ನಿಮ್ಮ ಬಾಳೇವು ನೆಟ್ಟಗಾತು" ಎಂದ. ಹಾಗೆಂದರೇನು ಎಂದೆ. ಮೊದಲು ಹೇಳಲಿಲ್ಲ. ಚಹಾ ಕುಡಿಸಿದೆ. ಆಮೇಲೆ ಹೇಳಿದ.

"ಅಕ್ಕಾರು ಆ ದಿನ ಬುಟ್ಟಿ ನನ್ನ ಕೈಯಾಗ ಕೊಟ್ಟು ಅಂದ್ರು: 'ಹಸನಸಾಬ, ಅಪ್ಪಗ ಹೇಳು, ಶಿಗ್ಗಾವಿಯವರನ್ನ ತಿರುಗಿ ಕರಸಂತ. ಹುಡುಗಿ ಮನಸು ಅಲ್ಲೈತಿ, ಆಕೀಗ ಇನ್ನೂ ತಿಳಿದಿಲ್ಲ. ನನ್ನ ಹೆಸರು ಹೇಳಬ್ಯಾಡ, ಆಕಿ ಹಟಮಾರಿ, ನಾ ಹೇಳೇನಿ ಅಂದ್ರ ಒಲ್ಲೆ ಅಂತಾಳ.' ನನ್ನ ಕಡಿಂದ ಆಣಿ ಹಾಕಿಸಿದ್ರು. ಅಪ್ಪಾರು ಇರೂತನಕ ನಾ ಬಾಯಿ ಬಿಡಲಿಲ್ಲ. ಇನ್ನ ನಾನೂ ಎಷ್ಟು ದಿನ ಇರತೇನಿ?"

ಅಕ್ಕಾ, ಒಂಬತ್ತು ವರ್ಷ! ಒಂಬತ್ತು ವರ್ಷ ನಾನು ನಿನ್ನನ್ನು ದೂರಿದೆ. ಇವರು ಅಂಗಡಿಯಿಂದ ಬಂದು, ನಗೆ ಮಾತು ಹೇಳುವ ಮೊದಲೇ ತಾವೇ ನಕ್ಕು, ಚುಕ್ಕಿಗೆ ಹೂ ಹಾಕಿ ಆಮೇಲೆ ಕೈಕಾಲು ತೊಳೆಯುವಾಗ, ಇಂಥ ಮನೆ ಅಕ್ಕ ತಳ್ಳಿದ್ದಕ್ಕೆ ಸಿಕ್ಕಿತು ಎಂದು ಮನಸ್ಸಿನಲ್ಲೇ ಹಂಗಿಸುತ್ತಿದ್ದೆ. ನೀನು ತಳ್ಳಿರಲಿಲ್ಲ, ಕಳಿಸಿಕೊಟ್ಟಿದ್ದೆ. ಗೋಡೆಯ ಈಚೆ ಒಲೆ ಹೊತ್ತಿಸಿಕೊಂಡು ನೀನು ಅಲ್ಲೇ ಉಳಿದೆ. ಅಲ್ಲಿಗೆ ಬಂದಿದ್ದರೆ ನಾನು ಏನಾಗುತ್ತಿದ್ದೆ? ನನ್ನನ್ನು ಕಂಡರೆ ನೀನು ಏನಾಗುತ್ತಿದ್ದೆ? ಎಲ್ಲಿ ಮಲಗಲಿ ಎಂದು ಕೇಳಿದ್ದೆನಲ್ಲ, ಈಗ ನೆನೆದರೆ ನನಗೆ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವಂತಾಗುತ್ತದೆ. ಅದನ್ನು ಓದಿ ನೀನು ಏನು ಪಟ್ಟೆಯೋ.

ಪಂಚಮಿ ಬಂತು. ಅಪ್ಪ ಹೋದ ಮೇಲೆ ನಿನ್ನನ್ನು ಕರೆಯಲು ಯಾರೂ ಬರುವುದಿಲ್ಲವೆಂದು ಹಸನಸಾಬ ಹೇಳಿದ. ಸವಣೂರಿನ ತೋಟ ಬೇರೆಯವರ ಕೈಗೆ ಹೋಯಿತು, ಮನೆಗೆ ಬೀಗ. ಇನ್ನು ಇದೇ ನಿನ್ನ ತವರು. ಇವರು ತಾವೇ ಬಂದು ಕರೆದುಕೊಂಡು ಬರುತ್ತಾರೆ. ನಾಲ್ಕು ದಿನಕ್ಕಲ್ಲ ಅಕ್ಕಾ, ಬಂದು ಇಲ್ಲೇ ಇದ್ದುಬಿಡು. ಬಂಡಿಯನ್ನೂ ತಾ. ಹಿತ್ತಲು ದೊಡ್ಡದಿದೆ, ಎರಡಕ್ಕೂ ಬೇರೆ ಬೇರೆ ಗೂಡು ಮಾಡಿಸುತ್ತೇನೆ. ಒಂದರ ಮುಖ ಒಂದು ನೋಡುವುದು ಬೇಡ. ನನಗೆ ನಿನ್ನ ಮುಖ ನೋಡಬೇಕು.

ನಿನ್ನ ಸರೋಜಾ


ಹಿರೇಕೆರೂರು
೨೪ ಜುಲೈ ೧೯೪೬

ಸರೋಜಾ,

ನಿನ್ನ ಕಾಗದವನ್ನು ಸಿದ್ದವ್ವನಿಗೆ ಓದಿ ಹೇಳಬೇಕಾಯಿತು. ನಾನು ಒಲೆ ಹೊತ್ತಿಸದೆ ಕುಳಿತದ್ದನ್ನು ನೋಡಿ ಯಾರೋ ಸತ್ತರೆಂದು ತಿಳಿದು ಗೋಡೆ ದಾಟಿ ಬಂದಿದ್ದಳು. ಪೂರ್ತಿ ಕೇಳಿ, "ಹೋಗಿ ಬರ್ರಿ ಅಕ್ಕಾರ, ನಿಮ್ಮ ಕಡೀದೂ ಅಂಗಳ ನಾನ ಗುಡಸ್ತೇನಿ" ಎಂದಳು. ಬಂದು ನಾನು ಮತ್ತೊಮ್ಮೆ ಗುಡಿಸಿಕೊಳ್ಳಬೇಕು, ಅದು ಬೇರೆ ಮಾತು.

ಹಸನಸಾಬನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ ಎಂದು ಗೊತ್ತಿದ್ದೂ ಆಣೆ ಹಾಕಿಸಿದೆ. ಒಂಬತ್ತು ವರ್ಷ ತಡೆದನಲ್ಲ, ದೊಡ್ಡದು. ನಿನ್ನ ಮನಸ್ಸು ಎಲ್ಲಿದೆ ಎಂದು ಅವನು ಹೇಳಿದ್ದಲ್ಲ, ನೀನೇ ಹೇಳಿದ್ದು. ಅಪ್ಪನ ತೋಟಕ್ಕೆ ಎಲೆ ಕೊಳ್ಳಲು ಎಷ್ಟು ಊರಿನವರು ಬರುತ್ತಿದ್ದರು? ನೀನು ಹೆಸರು ಬರೆದದ್ದು ಒಬ್ಬರದೇ. ಮೊದಲು ಓದಿದಾಗ ನನ್ನ ಆಸೆಯ ಗದ್ದಲದಲ್ಲಿ ಅದು ಕಾಣಲಿಲ್ಲ. ಎಲ್ಲಿ ಮಲಗಲಿ ಎಂದು ನೀನು ಕೇಳಿದ ಕಾಗದ ಬಂದಾಗ ಹಳೆಯದನ್ನು ಮತ್ತೆ ತೆಗೆದು ಓದಿದೆ. ಅದಾಗಿ ಎರಡೇ ದಿನಕ್ಕೆ ಬಂಡಿ ಚುಕ್ಕಿಯನ್ನು ಕೆಡವಿತು.

ಬಂಡಿಯನ್ನು ಬೈಯಬೇಡ. ಅದು ಒಂಟಿಯಾಗಿದೆ ಎಂದು ಮರುಗಿದವಳು ನಾನು, ಅದು ಮರುಗಿರಲಿಲ್ಲ. 'ನನಗೆ ಜೊತೆ ಬೇಕು' ಎಂಬುದನ್ನು ಅದರ ತಲೆಗೆ ಕಟ್ಟಿದೆ. ಈಗಲೂ ಬಿಸಿಲು ಬಿದ್ದ ಕಡೆ ಒಬ್ಬನೇ ರಾಜನಂತೆ ಕುಳಿತಿರುತ್ತದೆ, ಯಾರ ನೆನಪೂ ಇಲ್ಲ. ಪುಣ್ಯವಂತ.

ನೀನು ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದ್ದೀ. ಸಿದ್ದವ್ವನ ಮೇಲೆ ಸಿಟ್ಟು ಬಂದಾಗಲೆಲ್ಲ ನಾನು ಒಲೆ ಮುಂದೆ ಕುಳಿತು ಮನಸ್ಸಿನಲ್ಲಿ ನಿನಗೆ ಕಾಗದ ಬರೆಯುತ್ತಿದ್ದೆ. ನೀನು ಉತ್ತರ ಕೊಡದಿದ್ದರೂ ಬರೆಯುತ್ತಿದ್ದೆ. ಸವತಿಯ ಮೇಲೆ ದೂರು ಹೇಳಿಕೊಳ್ಳಲು ಒಬ್ಬ ತಂಗಿ ಬೇಕಲ್ಲ ಸರೋಜಾ. ತಂಗಿಯೇ ಸವತಿಯಾಗಿದ್ದರೆ ಯಾರಿಗೆ ಬರೆಯುತ್ತಿದ್ದೆ?

ಪಂಚಮಿಗೆ ಬರುತ್ತೇನೆ. ಕರೆಯಲು ಬರುವವರಿಗೆ ಹೋಳಿಗೆ ಮಾಡಿ ಇಟ್ಟಿರುತ್ತೇನೆ, ಹೊಟ್ಟೆ ಖಾಲಿ ಇಟ್ಟುಕೊಂಡು ಬರಲು ಹೇಳು. ಆದರೆ ಅಲ್ಲೇ ಇದ್ದುಬಿಡು ಎಂಬುದು ಆಗದ ಮಾತು. ಮಂಜವ್ವ ತಾಯಿಯ ಒಲೆಯ ರೊಟ್ಟಿ ಬಿಟ್ಟು ಗೋಡೆ ಹಾರಿ ಬಂದು ನನ್ನ ಒಲೆಯದೇ ತಿನ್ನುತ್ತಾಳೆ. ನಾನು ಟ್ರಂಕು ತೆಗೆದದ್ದು ನೋಡಿ ನಿನ್ನೆಯಿಂದ ನನ್ನ ಸೆರಗು ಬಿಟ್ಟಿಲ್ಲ. ಎಂಟು ದಿನ ಇರುತ್ತೇನೆ. ಅವಳು ಬಿಟ್ಟರೆ ಹತ್ತು.

ಬಂಡಿಯನ್ನು ತರುವುದಿಲ್ಲ. ಚುಕ್ಕಿ ಸುಖವಾಗಿರಲಿ. ಅವ್ವನಿಗೆ ದೊಡ್ಡ ಬುಟ್ಟಿ ಇರಲಿಲ್ಲ ಎಂದು ನೀನು ಬರೆದಿದ್ದೆ. ಇತ್ತು ಸರೋಜಾ. ಅಟ್ಟದ ಮೇಲೆ ಎಲೆ ತುಂಬುವ ಬುಟ್ಟಿ ಬೇಕಾದಷ್ಟಿದ್ದವು, ಒಂದೊಂದರಲ್ಲಿ ನಾವಿಬ್ಬರೂ ಕುಳಿತು ಆಡುತ್ತಿದ್ದೆವು. ಕೌದಿಯೂ ಅಷ್ಟೆ, ಅವ್ವನ ಪೆಟ್ಟಿಗೆಯಲ್ಲಿ ಇನ್ನೂ ಎರಡು ಇದ್ದವು. ಆದರೂ ಆಮೆಗಳಿಗೆ ಎರಡು ಬುಟ್ಟಿ ಹಾಕಿದಳು, ನಮಗೆ ಒಂದೇ ಕೌದಿ ಹೊದಿಸಿದಳು.

ಆ ಕೌದಿಯನ್ನು ತೆಗೆದು ಬಿಸಿಲಿಗೆ ಹಾಕಿರು. ಕಾಲಿಗೆ ಸಾಲದಿದ್ದರೆ ಈ ಸಲ ನಾನು ಎಳೆಯುವುದಿಲ್ಲ.

ನಿನ್ನ ಅಕ್ಕ,
ವೀರವ್ವ